ಬೀರುವಿನೊಳಗಿನ ಸೀಸದ ಕನ್ನಡಕ

ಕಳೆದ ಮಂಗಳವಾರ ಒಂದು ಸೇಫ್ಟಿ ಪಿನ್ನು ನನ್ನ ಮಾನ ಕಳೆಯಿತು.

ಅದನ್ನು ನುಂಗಿದ್ದು ನಾಲ್ಕು ವರ್ಷದ ಮಗು, ಶಮೀಮ್. ಭದ್ರಾವತಿಯಿಂದ ಬೆಳಗಿನ ರೈಲಿನಲ್ಲಿ ಅಪ್ಪ ಖಾದರ್ ಸಾಹೇಬರು ಎತ್ತಿಕೊಂಡು ಬಂದಿದ್ದರು. ಅಲ್ಲಿನ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಕೆಲಸ. ಪಾಳಿ ಮುಗಿಸಿ ಮನೆಗೆ ಬಂದವರು ಬಟ್ಟೆಯನ್ನೂ ಬದಲಾಯಿಸಿರಲಿಲ್ಲ. ನಾನು ಶಿವಮೊಗ್ಗದ ಆಸ್ಪತ್ರೆಯೊಂದರ ಎಕ್ಸ್‌ರೇ ಕೋಣೆಯವನು (ಹಳೆಯ ಓದುಗರು ಇದನ್ನು ಕೇಳಿ ಕೇಳಿ ಬೇಸತ್ತಿರಬೇಕು).

ಪಿನ್ನು ಎಲ್ಲಿದೆ, ಬಾಯಿ ತೆರೆದಿದೆಯೋ ಮುಚ್ಚಿದೆಯೋ ಎಂದು ಡಾಕ್ಟರು ಎಕ್ಸ್‌ರೇ ಕಿರಣ ಹಾಯಿಸಿ ಪರದೆಯ ಮೇಲೆ ನೋಡಬೇಕು. ಮಗು ಒದ್ದಾಡುತ್ತದೆ. ಯಾರಾದರೂ ಹಿಡಿದುಕೊಳ್ಳಬೇಕು. ಆ 'ಯಾರಾದರೂ' ಯಾವಾಗಲೂ ನಾನೇ. ಕಿರಣ ತಾಗದಂತೆ ಡಾಕ್ಟರಿಗೆ ಪರದೆಯ ಸೀಸದ ಗಾಜೇ ರಕ್ಷಣೆ. ಪಕ್ಕದಲ್ಲಿ ನಿಲ್ಲುವ ನನಗೆ ಮೈಗೆ ಸೀಸದ ಏಪ್ರನ್, ಕಣ್ಣಿಗೆ ಸೀಸ ಬೆರೆತ ಗಾಜಿನ ಕನ್ನಡಕ. ಏಪ್ರನ್ ಮೊಳೆಯಲ್ಲಿತ್ತು. ಕನ್ನಡಕ?

ಸ್ಟೋರಿನ ಬೀರುವಿನಲ್ಲಿ. ಬೀಗದ ಕೈ ಸ್ಟೋರ್‌ಕೀಪರ್ ರಂಗರಾಯರ ಸೊಂಟದಲ್ಲಿ. ರಂಗರಾಯರು ಹೊಳೆಹೊನ್ನೂರಿನಲ್ಲಿ, ಷಡ್ಡಕನ ಮಗಳ ಮದುವೆಯಲ್ಲಿ.

ಬೀರುವಿಗೆ ಯಾಕೆ ಹೋಯಿತು ಅಂತೀರಾ? ಮೊದಲಿದ್ದ ಕನ್ನಡಕವನ್ನು ನಮ್ಮ ಆಯಾ ಗಿರಿಜಮ್ಮ ಇನ್‌ಸ್ಪೆಕ್ಷನ್ನಿನ ಹಿಂದಿನ ದಿನ ಬೂದಿ, ತೆಂಗಿನ ನಾರು ಹಾಕಿ ತಿಕ್ಕಿದ್ದರು. ಹಿತ್ತಾಳೆ ಚೊಂಬಿಗೆ ಮಾಡುವ ಉಪಚಾರವನ್ನೇ ಅದಕ್ಕೂ ಮಾಡಿದರು, ಪಾಪ. ಸೀಸದ ಗಾಜು ಮೆತ್ತಗಿನದು. ಗೀರು ಬಿದ್ದು ಎದುರಿನವರ ಮುಖವೇ ಕಾಣದಾಯಿತು. ಸೋಪಿನ ನೀರು, ಹಳೆಯ ಮೆತ್ತನೆ ಬಟ್ಟೆ, ಅಷ್ಟೇ ಸಾಕು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. (ಹೇಳಬೇಕಾಗಿದ್ದವನು ನಾನು. ಒಪ್ಪಿಕೊಂಡೆ.)

ಹೊಸದು ಬರಲು ಏಳು ತಿಂಗಳಾಯಿತು. ಬಂದ ದಿನವೇ ರಂಗರಾಯರು ಅದನ್ನು ಹತ್ತಿಯಲ್ಲಿ ಸುತ್ತಿ ಬೀಗ ಜಡಿದರು. "ಬೇಕಾದಾಗ ಬಂದು ಕೇಳು, ಕೊಡ್ತೀನಿ. ನಿನ್ನ ಕೋಣೇಲಿ ಬಿಟ್ರೆ ಮತ್ತೆ ಬೂದಿ ಹಚ್ತಾರೆ" ಅಂದರು. ಪಿನ್ನು ನುಂಗುವ ಮಕ್ಕಳು ರಾಯರ ರಜೆ ನೋಡಿಕೊಂಡು ನುಂಗುತ್ತವೆಯೇ?

"ಬೀಗ ಒಡೆಸೋಣವೇನ್ರೀ?" ಡಾಕ್ಟರು ಕೇಳಿದರು. ಮಗುವಿನ ಬಾಯಿಂದ ಜೊಲ್ಲು ಸುರಿಯುತ್ತಿತ್ತು.

"ಅಷ್ಟು ಹೊತ್ತು ಕಾಯೋದು ಬೇಡ ಸಾರ್" ಅಂದೆ.

ಕತ್ತಲೆ ಕೋಣೆಯಲ್ಲಿ ಮಗುವಿನ ತೋಳು ಹಿಡಿದುಕೊಂಡು ನಿಂತೆ. ಮುಖ ಒಂದು ಕಡೆ ತಿರುಗಿಸಿ ಕಣ್ಣು ಬಿಗಿಯಾಗಿ ಮುಚ್ಚಿದೆ. ರೆಪ್ಪೆ ಯಾವ ಕಿರಣವನ್ನೂ ತಡೆಯುವುದಿಲ್ಲ, ಗೊತ್ತು. ಆದರೂ ಮುಚ್ಚಿದೆ. ಪಿನ್ನಿನ ಬಾಯಿ ಮುಚ್ಚಿತ್ತು, ಆಗಲೇ ಹೊಟ್ಟೆಗೆ ಇಳಿದಿತ್ತು. "ತಾನಾಗಿ ಹೊರಗೆ ಬರುತ್ತೆ, ಹೆದರಬೇಡಿ" ಅಂದರು ಡಾಕ್ಟರು. (ಬುಧವಾರ ಬಂತಂತೆ.)

ಹೊರಗೆ ಬಂದ ಮೇಲೆ, ಬೀಗದ ಮಾತು ಕೇಳಿಸಿಕೊಂಡಿದ್ದ ಖಾದರ್ ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದರು.

"ನಿಮಗೆ ಕನ್ನಡಕ ಕೊಟ್ಟಿಲ್ವಾ ಸಾರ್?"

"ಕೊಟ್ಟಿದಾರೆ."

"ಮತ್ತೆ?"

"ಬೀರುನಲ್ಲಿದೆ."

ಅವರು ಜೇಬಿನಿಂದ ಫ್ಲಾನೆಲ್ ಚೀಲವೊಂದನ್ನು ತೆಗೆದರು. ಒಳಗೆ ಕುಲುಮೆಯವರ ನೀಲಿ ಗಾಜಿನ ಕನ್ನಡಕ. ಒಂದು ಗೀರಿಲ್ಲ. "ಚೀಲ ನಮ್ಮ ಮನೆಯೋರು ಹೊಲಿದಿದ್ದು. ಇದಿಲ್ದೆ ಫೋರ್‌ಮನ್ ಕುಲುಮೆ ಹತ್ರಾನೇ ಬಿಡಲ್ಲ" ಅಂದರು. ಚೀಲವನ್ನು ಮತ್ತೆ ಜೇಬಿಗೆ ಹಾಕಿಕೊಂಡು ಕೇಳಿದರು: "ನನ್ನ ಮಗಳಿಂದ ನಿಮ್ಮ ಕಣ್ಣಿಗೇನಾದ್ರೂ ಆದ್ರೆ?"

ಮಗುವಿನ ತಲೆ ಸವರಿ ಒಳಗೆ ಹೋದೆ. ನಾಚಿಕೆಯಾಗಿತ್ತು.

ಗುರುವಾರ ರಾಯರು ಬಂದರು. ಕನ್ನಡಕ ನನ್ನ ಕೋಣೆಯಲ್ಲೇ ಇರಲಿ, ದಿನಾ ನಾನೇ ತೊಳೆದು ಒರೆಸಿ ಚೀಲದಲ್ಲಿಡುತ್ತೇನೆ ಅಂದೆ.

"ಹೋದ ಸಲ ಗೀರು ಬಿದ್ದಿದ್ದಕ್ಕೆ ಮೇಲಿನೋರಿಗೆ ಮೂರು ಸಲ ಎಕ್ಸ್‌ಪ್ಲನೇಷನ್ ಬರೆದೋನು ನಾನು ಮಾರಾಯ, ನೀನಲ್ಲ" ಅಂದರು ರಾಯರು. ಸುಳ್ಳಲ್ಲ. ಅವರು ಒಂದು ಬಿಳಿ ಹಾಳೆಯನ್ನು ನನ್ನ ಮುಂದೆ ತಳ್ಳಿದರು. "ಇನ್ನೊಂದು ಗೀರು ಬಿದ್ರೆ ಜವಾಬ್ದಾರಿ ನಿಂದು ಅಂತ ಬರ್ಕೊಡು."

ಬರೆದು ಸಹಿ ಹಾಕಿದೆ. ಈಗ ಕನ್ನಡಕ ನನ್ನ ಕೋಣೆಯಲ್ಲಿದೆ, ನನ್ನ ಹೆಂಡತಿ ಹೊಲಿದ ಚೀಲದಲ್ಲಿ. ಗಿರಿಜಮ್ಮನೂ ತೊಳೆಯುವುದನ್ನು ಕಲಿತಿದ್ದಾರೆ, ಹಸುಗೂಸಿಗೆ ನೀರು ಹಾಕುವ ಹಾಗೆ.

ಗಾಜಿಗೆ ಗೀರು ಬಿದ್ದರೆ ನಾನು ಜವಾಬ್ದಾರ, ಸರಿ. ಕಣ್ಣು ಹೋದರೆ ತಾನು ಜವಾಬ್ದಾರ ಎಂದು ಇಲ್ಲಿ ಯಾರು ಬರೆದುಕೊಡುತ್ತಾರೆ?