ಫ್ಯಾನು ನಿಲ್ಲಿಸಲು ಎದ್ದವರು

ನಮ್ಮ ಭಾವ ಸುಳ್ಳು ಹೇಳುವುದಿಲ್ಲ. ಇದನ್ನು ಹೊಗಳಿಕೆ ಎಂದುಕೊಳ್ಳಬೇಡಿ. ಅವರ ಕನ್ನಡಕದ ಅಂಗಡಿಯ ಕೌಂಟರಿನಲ್ಲಿ ಹನ್ನೊಂದು ವರ್ಷ ಕೂತವಳು ನಾನು. ಆ ಗುಣದಿಂದ ಎಷ್ಟು ಗಿರಾಕಿಗಳು ಮುಖ ಊದಿಸಿಕೊಂಡು ಎದ್ದು ಹೋಗಿದ್ದಾರೆಂದು ನನಗೆ ಗೊತ್ತು. "ಈ ಫ್ರೇಮ್ ನನಗೆ ಒಪ್ಪುತ್ತಾ?" ಎಂದು ಯಾರಾದರೂ ಕನ್ನಡಿಯ ಮುಂದೆ ನಿಂತು ಕೇಳಿದರೆ, ಭಾವ ಹಿಂದಿನ ಕೋಣೆಯಿಂದ ಕತ್ತು ಚಾಚಿ ನೋಡಿ, "ಇಲ್ಲ" ಎಂದು ಮತ್ತೆ ಗಾಜಿನ ಅಂಚು ಸವೆಸಲು ಹೋಗುತ್ತಾರೆ. ಆಮೇಲೆ ಸಮಾಧಾನ ಹೇಳುವ ಕೆಲಸ ನನ್ನದು.

ಅಕ್ಕನನ್ನು ಮದುವೆಯಾಗುವಾಗಲೂ ಹಾಗೇ ಆಯಿತಂತೆ. ನಮ್ಮದು ಪ್ರಾರ್ಥನೆಯ ಕ್ರೈಸ್ತ ಮನೆ, ಅವರದು ದೇವರ ಗೊಡವೆಯೇ ಇಲ್ಲದ ಮನೆ. ಅಪ್ಪ ಒಂದೇ ಷರತ್ತು ಹಾಕಿದರು: ಪ್ರತಿ ಭಾನುವಾರ ಚರ್ಚಿನ ಸಭೆಯಲ್ಲಿ ಹೆಂಡತಿಯ ಪಕ್ಕ ಕೂರಬೇಕು. "ಕೂರ್ತೀನಿ. ಆದ್ರೆ ನಂಬ್ತೀನಿ ಅಂತ ಹೇಳಲ್ಲ" ಎಂದರು ಭಾವ. ಕೂತರೆ ಉಳಿದದ್ದು ತಾನಾಗಿ ಬರುತ್ತದೆ ಎಂದು ಅಪ್ಪ ಒಪ್ಪಿಕೊಂಡರು. ಇಪ್ಪತ್ತೊಂಬತ್ತು ವರ್ಷವಾಯಿತು. ಭಾವ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಉಳಿದದ್ದು ಬರಲೂ ಇಲ್ಲ. ಎಲ್ಲರೂ ಹಾಡುವಾಗ ಅವರು ಬಾಯಿ ತೆರೆಯುವುದಿಲ್ಲ. ಪ್ರಭುಭೋಜನದ ರೊಟ್ಟಿಯ ತಟ್ಟೆ ಬಂದರೆ ತಾವು ತೆಗೆದುಕೊಳ್ಳದೆ ಎರಡೂ ಕೈಯಲ್ಲಿ ಹಿಡಿದು ಪಕ್ಕದವರಿಗೆ ದಾಟಿಸುತ್ತಾರೆ. ಆಮೆನ್ ಎನ್ನುವುದಿಲ್ಲ.

ಅಕ್ಕ ಬೇಸರಪಟ್ಟುಕೊಂಡವಳಲ್ಲ. ಅವಳ ಬಳಿ ಒಂದು ಪ್ರಾರ್ಥನೆಯ ಪುಸ್ತಕವಿದೆ, ನೀಲಿ ರಟ್ಟಿನದು. ವರ್ಷಕ್ಕೊಂದು ಹೊಸದು ಬರುತ್ತದೆ, ಮೊದಲ ಪುಟದ ಮೊದಲ ಸಾಲು ಮಾತ್ರ ಬದಲಾಗುವುದಿಲ್ಲ: "ನನ್ನ ಯಜಮಾನರು ಕರ್ತನನ್ನು ಅರಿಯಲಿ." ಈಡೇರಿದ ಬೇಡಿಕೆಗಳ ಮುಂದೆ ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತಾಳೆ. ನನ್ನ ಮೊಣಕೈ ಮುರಿತ, ಎದುರುಮನೆಯವರ ಹೆರಿಗೆ, ಕಳೆದುಹೋದ ಬೀಗದ ಕೈ ಎಲ್ಲಕ್ಕೂ ಕೆಂಪು ಗುರುತು ಬಿದ್ದಿದೆ. ಮೊದಲ ಸಾಲು ಮಾತ್ರ ಹಾಗೇ ಕೂತಿತ್ತು.

ನಮ್ಮ ಸಭೆ ಸೇರುವುದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಉದ್ದನೆಯ ಹಾಲ್, ಮಡಚುವ ಕುರ್ಚಿಗಳು, ಸಾಲಾಗಿ ನಾಲ್ಕು ಫ್ಯಾನು. ಮೂರನೆಯ ಫ್ಯಾನು ತಿರುಗುವಾಗ ಟಕಟಕ ಎನ್ನುತ್ತದೆ. ಅದನ್ನು ರಿಪೇರಿ ಮಾಡಿಸಬೇಕೆಂದು ಸಮಿತಿ ಪ್ರತಿ ವರ್ಷ ಒಮ್ಮತದಿಂದ ತೀರ್ಮಾನಿಸುತ್ತದೆ. ಅದರ ಸ್ವಿಚ್ಚು ಭಾವ ಕೂರುವ ಕೊನೆಯ ಕುರ್ಚಿಯ ಪಕ್ಕದ ಗೋಡೆಯಲ್ಲಿ, ಪರದೆಯ ಹಿಂದೆ ಇದೆ. ಆರಾಧನೆಯ ಮಧ್ಯೆ ಮೌನ ಪ್ರಾರ್ಥನೆ ಬರುತ್ತದೆ. ಎಲ್ಲರೂ ತಲೆ ಬಗ್ಗಿಸಿ ಕಣ್ಣು ಮುಚ್ಚುತ್ತಾರೆ. ಭಾವ ಮುಚ್ಚುವುದಿಲ್ಲ. ಅವರು ಮೆಲ್ಲಗೆ ಎದ್ದು ಆ ಫ್ಯಾನು ನಿಲ್ಲಿಸಿ ಕೂರುತ್ತಾರೆ. ಕಡೆಯ ಹಾಡಿನ ಗದ್ದಲದಲ್ಲಿ ಮತ್ತೆ ಹಾಕುತ್ತಾರೆ. ತಾನಂತೂ ಪ್ರಾರ್ಥಿಸುವುದಿಲ್ಲ, ಪ್ರಾರ್ಥಿಸುವವರಿಗಾದರೂ ಆ ಟಕಟಕ ತಪ್ಪಲಿ ಎಂದು. ಎಲ್ಲರ ಕಣ್ಣೂ ಮುಚ್ಚಿರುವುದರಿಂದ ಇದು ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಅಕ್ಕ ಮಾತ್ರ ಜ್ವರವಿದ್ದರೂ ಮೌನ ಪ್ರಾರ್ಥನೆ ತಪ್ಪಿಸುತ್ತಿರಲಿಲ್ಲ. "ಅಲ್ಲಿ ಸಿಗೋದು ಮನೇಲಿ ಸಿಗಲ್ಲ ಕಣೇ" ಎನ್ನುತ್ತಿದ್ದಳು.

ಆ ಭಾನುವಾರ ಪಾಸ್ಟರ್ ಮೌನ ಪ್ರಾರ್ಥನೆಗೆ ಮೊದಲು ಒಂದು ಮಾತು ಹೇಳಿದರು. ಸಮುದ್ರದಾಚೆಯ ಒಂದು ದ್ವೀಪಕ್ಕೆ ಹನ್ನೆರಡು ದಿನದ ಸೇವೆಗೆ ತಂಡ ಹೋಗಲಿದೆ, ಐದು ಜನ ಸಿದ್ಧರಿದ್ದಾರೆ, ಅಲ್ಲಿಯ ಬಡವರಿಗೆ ಕನ್ನಡಕ ಹಂಚಬೇಕು, ಆರನೆಯವರು ಬೇಕು. "ಎಲ್ಲರೂ ಕಣ್ಣು ಮುಚ್ಚಿ. ಯಾರಿಗೆ ಕರ್ತನ ಕರೆ ಬಂದಿದೆಯೋ ಅವರು ಎದ್ದು ನಿಲ್ಲಿ." ಭಾವ ಈ ಮಾತನ್ನು ಕೇಳಿಸಿಕೊಳ್ಳಲೇ ಇಲ್ಲ. ಅವರ ಕಿವಿ ಮೂರನೆಯ ಫ್ಯಾನಿನ ಮೇಲಿತ್ತು. ಎಲ್ಲರ ತಲೆ ಬಗ್ಗಿದ್ದೇ ತಡ, ಎದ್ದರು. ಸ್ವಿಚ್ಚು ಒತ್ತಿ ತಿರುಗಿದರೆ ಎದುರಿಗೆ ಪಾಸ್ಟರ್, ಎಣಿಸಲೆಂದು ಕಣ್ಣು ತೆರೆದು ನಿಂತಿದ್ದಾರೆ.

"ಕರ್ತನಿಗೆ ಸ್ತೋತ್ರ. ಒಬ್ಬರು ನಿಂತಿದ್ದಾರೆ. ಎಲ್ಲರೂ ಕಣ್ಣು ತೆರೆದು ನೋಡಿ."

ಇನ್ನೂರು ತಲೆ ತಿರುಗಿದವು. ಭಾವ ಬಾಯಿ ತೆರೆದರು. ಅಷ್ಟರಲ್ಲಿ ಅಕ್ಕ ಅವರ ಅಂಗಿಯ ಚುಂಗು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅಳತೊಡಗಿದ್ದಳು. ಭಾವ ತೆರೆದ ಬಾಯಿ ಮುಚ್ಚಿದರು. ಅವರ ಜೀವನದಲ್ಲಿ ಹೇಳಬೇಕಾದ ನಿಜವೊಂದನ್ನು ನುಂಗಿದ್ದು ಅದೇ ಮೊದಲು. ಆ ರಾತ್ರಿ ಊಟಕ್ಕೆ ಮೊದಲೇ ಅಕ್ಕ ನೀಲಿ ಪುಸ್ತಕದ ಮೊದಲ ಸಾಲಿಗೆ ಕೆಂಪು ಗುರುತು ಹಾಕಿದಳು.

ಮಾರನೆಯ ದಿನ ಅಂಗಡಿ ತೆರೆದ ಕೂಡಲೇ ಭಾವ ನನಗೆ ಎಲ್ಲ ಹೇಳಿದರು. ನಾನು ನಕ್ಕೆ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರು ನಗಲಿಲ್ಲ.

"ಇವತ್ತು ನಿಮ್ಮಕ್ಕನಿಗೆ ಹೇಳ್ಬಿಡ್ತೀನಿ."

"ಬೇಡ ಭಾವ" ಎಂದೆ. ನನ್ನ ನಗು ನಿಂತುಹೋಗಿತ್ತು. ಬೆಳಿಗ್ಗೆ ಅಕ್ಕನನ್ನು ನೋಡಿಯೇ ಬಂದಿದ್ದೆ. ಮೊಣಕಾಲು ನೋವೆಂದು ವರ್ಷಗಟ್ಟಲೆ ಕಂಬಿ ಹಿಡಿದು ಮೆಟ್ಟಿಲಿಳಿಯುವವಳು ಅಂದು ಕೈ ಬೀಸಿಕೊಂಡು ಇಳಿದಿದ್ದಳು. "ಹನ್ನೆರಡು ದಿನ ತಾನೇ? ಹೋಗಿ ಕನ್ನಡಕ ಕೊಟ್ಟು ಬನ್ನಿ. ಯಾರಿಗೇನು ನಷ್ಟ?" ಈ ಸಲಹೆ ಕೊಟ್ಟವಳು ನಾನೇ. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಆಮೇಲೆ ತಯಾರಿ ಶುರುವಾಯಿತು. ಪಾಸ್‌ಪೋರ್ಟಿಗೆ ಫೋಟೋ, ತೋಳಿಗೆ ಎರಡು ಚುಚ್ಚುಮದ್ದು, ತಂಡಕ್ಕೆಲ್ಲ ಒಂದೇ ಬಣ್ಣದ ಟೀಶರ್ಟು. ಐವತ್ತೇಳು ವರ್ಷದ ನಮ್ಮ ಭಾವನಿಗೆ ಗಿಳಿಹಸಿರು. ಸಭೆಯವರು ಹಳೆಯ ಕನ್ನಡಕಗಳನ್ನು ಚೀಲಗಟ್ಟಲೆ ತಂದು ಸುರಿದರು. ಒಂದಕ್ಕೆ ಕಡ್ಡಿಯಿಲ್ಲ, ಇನ್ನೊಂದಕ್ಕೆ ಒಂದೇ ಗಾಜು. ಸೇವೆ ಎಂದರೆ ಮನೆಯ ಕಸ ಖಾಲಿ ಮಾಡುವುದು ಎಂದು ಜನ ತಿಳಿದಿರಬೇಕು. ಭಾವ ಒಂದೊಂದನ್ನೂ ತೊಳೆದು, ಪವರ್ ಅಳೆದು, ಸ್ಕ್ರೂ ಬಿಗಿದು, ಚೀಟಿ ಅಂಟಿಸಿದರು. ಆ ಕೆಲಸ ಮಾಡುವಾಗ ಮಾತ್ರ ಅವರ ಮುಖ ಮೊದಲಿನಂತೆ ಇರುತ್ತಿತ್ತು.

ಶನಿವಾರ ಶನಿವಾರ ತರಬೇತಿ, ಭಾವನ ಜೊತೆ ನಾನೂ ಹೋಗುತ್ತಿದ್ದೆ. ಹೇಳಿಕೊಡುತ್ತಿದ್ದವರು ನಿವೃತ್ತರಾದ ಡ್ರಿಲ್ ಮೇಷ್ಟ್ರು. ಕೊರಳಲ್ಲಿ ಸೀಟಿ, ಕೈಯಲ್ಲಿ ಸ್ಟಾಪ್‌ವಾಚು. ಅಲ್ಲಿಯ ಮಕ್ಕಳಿಗೆ ಕಲಿಸಲೆಂದು ಒಂದು ಮೀನಿನ ಹಾಡು ಇತ್ತು. ಎರಡೂ ಕೈ ಜೋಡಿಸಿ ಮೀನಿನ ಹಾಗೆ ಬಳುಕಿಸಬೇಕು. ಭಾವ ಬಳುಕಿಸಿದರು. ನಾನು ನೋಡಲಾರದೆ ಕಿಟಕಿಯತ್ತ ತಿರುಗಿದೆ. ಆದರೆ ಅವರನ್ನು ಕಟ್ಟಿಹಾಕಿದ್ದು ಮೀನಲ್ಲ, ಸಾಕ್ಷಿ. ತಂಡದ ಪ್ರತಿಯೊಬ್ಬರೂ ಮೂರು ನಿಮಿಷ ಸಾಕ್ಷಿ ಹೇಳಬೇಕು: ಮೊದಲು ನಾನು ಹೇಗಿದ್ದೆ, ಕರ್ತನು ಹೇಗೆ ಸಿಕ್ಕಿದನು, ಈಗ ಹೇಗಿದ್ದೇನೆ. ಶಿಬಿರದಲ್ಲಿ ಜನ ಸಾಲಾಗಿ ಕೂತು ಮೊದಲು ಸಾಕ್ಷಿ ಕೇಳುತ್ತಾರೆ, ಆಮೇಲೆ ಕಣ್ಣಿನ ಪರೀಕ್ಷೆ, ಕಡೆಗೆ ಕನ್ನಡಕ.

"ಕನ್ನಡಕ ಮೊದಲು ಕೊಟ್ಟರೆ ಆಗಲ್ವಾ?" ಎಂದು ಕೇಳಿದರು ಭಾವ.

"ಕೊಟ್ಟರೆ ಎದ್ದು ಹೋಗ್ತಾರಲ್ಲ" ಎಂದರು ಮೇಷ್ಟ್ರು.

ಸಾಕ್ಷಿ ಬರೆದುಕೊಡುವ ಕೆಲಸ ನನ್ನ ತಲೆಗೆ ಬಂತು. ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತು ನೋಡಿ ಬರೆದೆ: "ನಾನು ಕತ್ತಲೆಯಲ್ಲಿ ಅಲೆಯುತ್ತಿದ್ದೆ."

"ಯಾವಾಗ?" ಎಂದರು ಭಾವ.

"ಎಲ್ರೂ ಹಾಗೇ ಹೇಳೋದು ಭಾವ."

"ನಾನು ಕುಡಿಯೋನಲ್ಲ, ಜೂಜಾಡೋನಲ್ಲ. ಬೆಳಿಗ್ಗೆ ಎದ್ದು ಅಂಗಡಿಗೆ ಬರ್ತಿದ್ದೆ." ಪೆನ್ನಿನಿಂದ ಸಾಲು ಹೊಡೆದುಹಾಕಿದರು.

"ನನ್ನ ಮನಸ್ಸಿಗೆ ಶಾಂತಿ ಇರಲಿಲ್ಲ" ಎಂದು ಬರೆದೆ.

"ಇತ್ತು. ಹೋಗಿದ್ದು ಈ ತಿಂಗಳು." ಅದನ್ನೂ ಹೊಡೆದರು.

ಹೀಗೆ ನಾಲ್ಕು ಸಲ ಬರೆದೆ. ಸುಳ್ಳಿರುವ ಸಾಲನ್ನೆಲ್ಲ ಅವರು ಗಾಜಿನ ಅಂಚಿನ ಹಾಗೆ ಸವೆಸಿ ಸವೆಸಿ ತೆಗೆದರು. ಕಡೆಗೆ ಅವರ ಹೆಸರು, ಕಸುಬು, ಮದುವೆಯಾದ ವರ್ಷ ಉಳಿದವು. ನನಗೆ ರೇಗಿತು. "ಹಾಗಾದ್ರೆ ಬರಲ್ಲ ಅಂತ ಪಾಸ್ಟರಿಗೆ ಹೇಳಿ, ಮುಗೀತು" ಎಂದೆ. ಭಾವ ಕೈಯಲ್ಲಿದ್ದ ಕನ್ನಡಕವನ್ನು ಒರೆಸುತ್ತಲೇ ಇದ್ದರು. "ನಿನ್ನೆ ನಿಮ್ಮಕ್ಕ ನನ್ನ ಪೆಟ್ಟಿಗೆ ಜೋಡಿಸ್ತಾ ಹಾಡ್ತಿದ್ಳು" ಎಂದರು. "ಬರಲ್ಲ ಅಂದ್ರೆ ಅವಳ ಜೀವ ಹೋಗುತ್ತೆ. ಹೋಗಿ ಸುಳ್ಳು ಹೇಳಿದ್ರೆ ನಂದು. ಆ ದ್ವೀಪದವರು ಪಾಪ ಕಣ್ಣು ಕಾಣದವರು, ನನ್ನ ಮುಖ ನಂಬಿ ಕೂತಿರ್ತಾರೆ." ಕಣ್ಣು ಕಾಣದವರಿಗೆ ಮೋಸ ಮಾಡುವುದಕ್ಕಿಂತ ದೊಡ್ಡ ಪಾಪ ಕನ್ನಡಕದವನಿಗೆ ಇನ್ನೊಂದಿಲ್ಲ.

ಹೊರಡುವ ಹಿಂದಿನ ಭಾನುವಾರ ತಂಡವನ್ನು ಸಭೆಯ ಮುಂದೆ ನಿಲ್ಲಿಸಿ ಕಳಿಸಿಕೊಡುವ ಪ್ರಾರ್ಥನೆ. ಆರು ಗಿಳಿಹಸಿರು ಟೀಶರ್ಟು. ಒಬ್ಬೊಬ್ಬರೂ ಸಾಕ್ಷಿ ಹೇಳಿದರು. ಮೇಷ್ಟ್ರು ಸ್ಟಾಪ್‌ವಾಚು ಒತ್ತುತ್ತಿದ್ದರು. ಕಡೆಯವರು ಭಾವ. ಮೈಕ್ ಹಿಡಿದರು. ಅಕ್ಕನ ಕಡೆ ನೋಡಿದರು. ಅವಳು ಕೈ ಜೋಡಿಸಿಕೊಂಡು ಕುರ್ಚಿಯ ಅಂಚಿಗೆ ಬಂದಿದ್ದಳು.

"ಅವತ್ತು ನಾನು ಎದ್ದಿದ್ದು ಹೋಗೋಕಲ್ಲ" ಎಂದರು ಭಾವ. "ಫ್ಯಾನು ನಿಲ್ಲಿಸೋಕೆ. ಮೂರನೇ ಫ್ಯಾನು ಸದ್ದು ಮಾಡುತ್ತೆ. ಪ್ರತಿ ವಾರ ನೀವು ಕಣ್ಣು ಮುಚ್ಚಿದಾಗ ನಾನು ಎದ್ದು ಅದನ್ನ ನಿಲ್ಲಿಸ್ತೀನಿ. ಎಷ್ಟೋ ವರ್ಷದಿಂದ ಹಾಗೇ ಮಾಡ್ತಿದೀನಿ. ಅವತ್ತೂ ಅದಕ್ಕೇ ಎದ್ದಿದ್ದೆ. ನನಗೆ ಯಾರ ಕರೆಯೂ ಬಂದಿಲ್ಲ. ಮೊದಲೇ ಹೇಳಬೇಕಿತ್ತು. ಹೇಳಲಿಲ್ಲ. ತಪ್ಪಾಯ್ತು."

ಮುಗಿಯಿತು ಎಂದುಕೊಂಡೆ. ಮುಗಿದರೆ ಸಾಕಾಗಿತ್ತು. ಮೊದಲು ನಕ್ಕವರು ಪಾಸ್ಟರ್. ಆಮೇಲೆ ಮುಂದಿನ ಸಾಲು ನಕ್ಕಿತು, ಆಮೇಲೆ ಇಡೀ ಸಭೆ. ಪಾಸ್ಟರ್ ಕಣ್ಣೊರೆಸಿಕೊಳ್ಳುತ್ತಾ ಬಂದು ಭಾವನ ಹೆಗಲ ಮೇಲೆ ಕೈಯಿಟ್ಟರು. "ನೋಡಿ, ಕರ್ತನು ಒಂದು ಫ್ಯಾನಿನಿಂದಲೂ ಕರೆಯುತ್ತಾನೆ" ಎಂದರು. ಇನ್ನೂರು ಬಾಯಿ ಆಮೆನ್ ಎಂದವು.

"ಇಲ್ಲ, ಹಾಗಲ್ಲ, ನಾನು ನಂಬೋದಿಲ್ಲ" ಎಂದರು ಭಾವ.

"ಕರೆ ಬಂದವರೆಲ್ಲ ಮೊದಲು ಹಾಗೇ ಅನ್ನೋದು" ಎಂದರು ಪಾಸ್ಟರ್ ಪ್ರೀತಿಯಿಂದ. ಚಪ್ಪಾಳೆ ನಿಲ್ಲಲಿಲ್ಲ. ಮೇಷ್ಟ್ರು ಹತ್ತಿರ ಬಂದು ಸ್ಟಾಪ್‌ವಾಚು ತೋರಿಸಿದರು. "ಮೂರು ನಿಮಿಷದೊಳಗೇ ಮುಗಿಸಿದ್ರಿ. ಅಲ್ಲೂ ಇದನ್ನೇ ಹೇಳಿ, ಒಂದಕ್ಷರ ಬದಲಾಯಿಸಬೇಡಿ. ಎಲ್ಲರಿಗಿಂತ ಮೊದಲು ನಿಮ್ಮದೇ ಇಡೋಣ." ಭಾವ ನನ್ನತ್ತ ನೋಡಿದರು. ಸುಳ್ಳಿಗೆ ಹೆದರಿ ನಿಜ ಹೇಳಿದ ಮನುಷ್ಯನ ಕೈಯಲ್ಲಿ ಈಗ ಆ ನಿಜವೂ ಇರಲಿಲ್ಲ. ಸಭೆಯಲ್ಲಿ ಚಪ್ಪಾಳೆ ತಟ್ಟದೆ ಕೂತಿದ್ದವಳು ಅಕ್ಕ ಒಬ್ಬಳೇ.

ಮನೆಗೆ ನಡೆದೇ ಹೋದೆವು. ಮೆಟ್ಟಿಲಿಳಿಯುವಾಗ ಅಕ್ಕ ಕಂಬಿ ಹಿಡಿದುಕೊಂಡಿದ್ದಳು. ಬೀದಿಯ ತಿರುವಿನಲ್ಲಿ ನಿಂತು ಕೇಳಿದಳು:

"ರೀ, ಪ್ರತಿ ವಾರನೂ ನಿಲ್ಲಿಸ್ತಿದ್ರಾ?"

"ಹೂಂ."

"ಮೌನ ಪ್ರಾರ್ಥನೆ ಶುರುವಾದ ಮೇಲೆ?"

"ಹೂಂ. ಎಲ್ಲರೂ ಕಣ್ಣು ಮುಚ್ಚಿದ ಮೇಲೆ."

"ಕಣ್ಣು ಮುಚ್ಚಿ ಕೂತಾಗ ಒಂದು ಗಳಿಗೆ ಬರ್ತಿತ್ತು" ಎಂದಳು ಅಕ್ಕ. "ಎಲ್ಲಾ ಸದ್ದು ಇದ್ದಕ್ಕಿದ್ದ ಹಾಗೆ ನಿಂತುಹೋಗ್ತಿತ್ತು. ಯಾರೋ ಪಕ್ಕದಲ್ಲಿ ಬಂದು ನಿಂತ ಹಾಗೆ ಆಗ್ತಿತ್ತು. ಇಷ್ಟು ವರ್ಷ ಅದನ್ನ ನಾನು ಕರ್ತನೇ ಅಂದ್ಕೊಂಡಿದ್ದೆ."

ಭಾವ ಅವಳ ಕೈ ಹಿಡಿದರು. ಅವಳು ಬಿಡಿಸಿಕೊಳ್ಳಲಿಲ್ಲ, ಹಿಡಿದುಕೊಳ್ಳಲೂ ಇಲ್ಲ. "ನಾನು ಹೋಗಲ್ಲ" ಎಂದರು ಭಾವ. "ಹೋಗಿ" ಎಂದಳು ಅಕ್ಕ. "ಅಲ್ಲಿಯವರಿಗೆ ಕನ್ನಡಕ ಬೇಕಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಮಗಿಬ್ಬರಿಗೂ ಉಸಿರಾಡಲು ಜಾಗ ಸಿಗುತ್ತಿತ್ತು.

ಬುಧವಾರ ಭಾವ ಎರಡು ಪೆಟ್ಟಿಗೆ ತುಂಬ ಚೀಟಿ ಅಂಟಿಸಿದ ಕನ್ನಡಕ ಹೊತ್ತು, ಗಿಳಿಹಸಿರು ಟೀಶರ್ಟು ಹಾಕಿಕೊಂಡು ವಿಮಾನ ಹತ್ತಿದರು. ಅವರು ಹೋದ ಮೇಲೆ ನಾನು ನೀಲಿ ಪುಸ್ತಕವನ್ನು ಕದ್ದು ನೋಡಿದೆ. ಮೊದಲ ಸಾಲಿನ ಕೆಂಪು ಗುರುತಿನ ಮೇಲೆ ಅಡ್ಡಗೆರೆ ಎಳೆದಿತ್ತು. ಕೆಳಗೆ ಅದೇ ಸಾಲನ್ನು ಮತ್ತೆ ಬರೆದಿರಬಹುದೆಂದು ಹುಡುಕಿದೆ. ಬರೆದಿರಲಿಲ್ಲ.

ಮುಂದಿನ ಭಾನುವಾರ ಭಾವನ ಕುರ್ಚಿಯಲ್ಲಿ ನಾನು ಕೂತೆ. ಮೌನ ಪ್ರಾರ್ಥನೆ ಬಂತು. ಎಲ್ಲರ ತಲೆ ಬಗ್ಗಿತು. ಮೇಲೆ ಮೂರನೆಯ ಫ್ಯಾನು ಟಕಟಕ ಎನ್ನುತ್ತಿತ್ತು. ಅದು ಇಷ್ಟು ಜೋರೆಂದು ನನಗೆ ಅದುವರೆಗೆ ಗೊತ್ತೇ ಇರಲಿಲ್ಲ. ನಾನು ಪರದೆಯತ್ತ ಕೈ ಚಾಚಿ ಮೆಲ್ಲಗೆ ಎದ್ದೆ. ಅಕ್ಕ ನನ್ನ ಮಣಿಕಟ್ಟು ಹಿಡಿದು ಕೂರಿಸಿದಳು. ಅವಳ ಎರಡೂ ಕಣ್ಣು ತೆರೆದಿದ್ದವು.

"ಬೇಡ ಬಿಡು" ಎಂದಳು. "ಓಡಲಿ."