ರಿಜಿಸ್ಟರಿನ ಕೊನೆಯ ಕಾಲಂ

ಜಯಾ, ನಿನ್ನ ಅವ್ವನಿಗೆ ನಾನು ಸುಳ್ಳು ಹೇಳಿದೆ. ನಮ್ಮ ನಲ್ಲಿಯ ನೀರು ಚೆನ್ನಾಗಿದೆ ಎಂದೆ — ಚೆನ್ನಾಗಿರಲಿಲ್ಲ. ಹೇಳುವಾಗ ಅದು ನನಗೆ ಗೊತ್ತಿರಲಿಲ್ಲ, ಮನೆಗೆ ಬಂದ ಮೇಲೆ ಗೊತ್ತಾಯಿತು. ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ.

ಐವತ್ತರ ದಶಕದ ಮಾತು. ರಾಜಾಜಿನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಮ್ಮ ಸಾಲಿನ ಎಂಟು ಮನೆಗಳಿಗೆ ಬೀದಿಯಲ್ಲೊಂದು ನಲ್ಲಿ. ನಾನು ಮದುವೆಯಾಗಿ ಬಂದ ಹೊಸತು. ಹೈಸ್ಕೂಲು ಮುಗಿಸಿದ ಹೆಂಗಸು ಆ ಸಾಲಿಗೆ ನಾನೊಬ್ಬಳೇ. ಯಾರಿಗೆ ಇಂಗ್ಲಿಷ್ ಕಾಗದ ಬಂದರೂ ನನ್ನ ಬಾಗಿಲಿಗೆ ತರುತ್ತಿದ್ದರು. ಆ ಮರ್ಯಾದೆಯ ರುಚಿ — ಏನು ಹೇಳಲಿ — ನನಗೆ ಚೆನ್ನಾಗಿಯೇ ಹತ್ತಿತ್ತು.

ಆ ಬೇಸಿಗೆಯಲ್ಲಿ ನೀರಿಗೆ ಕೆಟ್ಟ ವಾಸನೆ ಬರತೊಡಗಿತು. ನೀರಿನ ಆಫೀಸಿನವರೊಬ್ಬರು ಬಂದು ಸೀಸೆಯಲ್ಲಿ ನೀರು ಹಿಡಿದುಕೊಂಡರು; ಪರೀಕ್ಷೆ ಮಾಡಿ ರಿಜಿಸ್ಟರಿನಲ್ಲಿ ಬರೆದಿಡುತ್ತೇವೆ, ಯಾರು ಬೇಕಾದರೂ ಬಂದು ನೋಡಬಹುದು ಎಂದು ಹೇಳಿ ಹೋದರು. ವಾರ ಕಳೆದ ಮೇಲೆ ನಿನ್ನ ಅವ್ವ ಪುಟ್ಟತಾಯಮ್ಮ ನನ್ನನ್ನು ಆ ಆಫೀಸಿಗೆ ಹೊರಡಿಸಿ ತಾವೂ ಜೊತೆಗೆ ಬಂದರು.

ಗುಮಾಸ್ತರು ರಿಜಿಸ್ಟರನ್ನು ನಮ್ಮ ಕಡೆ ತಿರುಗಿಸಿಟ್ಟು ತಮ್ಮ ಮೇಜಿಗೆ ಹೋದರು. ನಮ್ಮ ಬೀದಿಯ ಹೆಸರು ಸಿಕ್ಕಿತು. ಅದರ ಮುಂದೆ ಅಂಕಿಗಳು, ನಾನು ಕಂಡರಿಯದ ಗುರುತುಗಳು, ಕೊನೆಯ ಕಾಲಂನಲ್ಲಿ ಉದ್ದನೆಯ ಒಂದೇ ಪದ — 'ಕಂಟ್ಯಾಮಿನೇಟೆಡ್'. ಅಕ್ಷರ ಕೂಡಿಸಿ ಓದಿದೆ. ಅರ್ಥವಾಗಲಿಲ್ಲ.

"ಏನಂತ ಬರ್ದವ್ರೆ, ಶಾರದಮ್ಮ?" ನಿನ್ನ ಅವ್ವ ಕೇಳಿದರು.

ಗುಮಾಸ್ತರು ನಾಲ್ಕು ಹೆಜ್ಜೆ ಆಚೆ ಇದ್ದರು. ಕೇಳಬಹುದಿತ್ತು. ಆದರೆ ನಿನ್ನ ಅವ್ವನ ಎದುರು, ನನಗೆ ಗೊತ್ತಿಲ್ಲ ಎಂದು —

"ಚೆನ್ನಾಗಿದೆ ಅಂತ ಬರೆದಿದಾರೆ. ಏನೂ ಭಯ ಇಲ್ಲ," ಎಂದೆ.

"ಸದ್ಯ!" ಎಂದು ಅವರು ಆ ರಿಜಿಸ್ಟರಿಗೇ ಕೈಮುಗಿದರು.

ಮನೆಗೆ ಬಂದವಳೇ ನಮ್ಮ ಯಜಮಾನರ ಡಿಕ್ಷನರಿ ತೆಗೆದೆ. ಹೊಲಸು ಸೇರಿ ಕೆಟ್ಟದ್ದು ಎಂಬ ಅರ್ಥ. ಹೊರಗೆ ನಲ್ಲಿಯ ಹತ್ತಿರ ನಿನ್ನ ಅವ್ವ ಎಲ್ಲರಿಗೂ ಹೇಳುತ್ತಿದ್ದರು — "ಶಾರದಮ್ಮನೇ ಓದವ್ರೆ ಕಣ್ರೇ, ಕುಡೀರಿ." ಹೊಸ್ತಿಲವರೆಗೆ ಹೋದೆ. ನಾಳೆ ಹೇಳೋಣ ಎಂದು ಹಿಂತಿರುಗಿದೆ. ಅಂದಿನಿಂದ ನಮ್ಮ ಮನೆಯ ಕುಡಿಯುವ ನೀರನ್ನು ಕುದಿಸತೊಡಗಿದೆ — ಬಾಗಿಲು ಹಾಕಿಕೊಂಡು, ಯಾರೂ ಕಂಡು ಕೇಳದ ಹಾಗೆ. ನಿಮಗೆ ಹೇಳುವುದನ್ನು ಮಾತ್ರ ಮುಂದಕ್ಕೆ ಹಾಕಿದೆ, ಜಯಾ. ನಾಳೆ, ನಾಡಿದ್ದು — ಹೀಗೆ ಹದಿನೈದು ದಿನ.

ಆಮೇಲೆ ನಿನಗೆ ಜ್ವರ ಬಂತು. ವಿಷಮಶೀತ ಜ್ವರ, ಟೈಫಾಯಿಡ್ ಎಂದರು ಡಾಕ್ಟರು. ನಿನಗಾಗ ಹದಿನಾಲ್ಕು. ನಿನ್ನ ಚಾಪೆಯ ಪಕ್ಕದಲ್ಲಿ ನಾನೂ ಇದ್ದೆ.

"ನೀರು ಕಾಯಿಸಿ ಕುಡೀತಿದ್ರಾ?" ಡಾಕ್ಟರು ಕೇಳಿದರು.

"ನಲ್ಲಿ ನೀರು ಚೆಂದಾಗೈತೆ ಸ್ವಾಮಿ," ಎಂದರು ನಿನ್ನ ಅವ್ವ. "ಆಪೀಸಿನ ಬುಕ್ಕಲ್ಲೇ ಬರ್ದವ್ರೆ. ಇವ್ರೇ ಓದಿ ಹೇಳಿದ್ರು."

ಡಾಕ್ಟರು ನನ್ನ ಮುಖ ನೋಡಿದರು. ನಾನು — ಹೌದು ಎಂದು ತಲೆಯಾಡಿಸಿದೆ.

ಹಾಗಾದರೆ ಏನು ತಿಂದಿದ್ದಳು ಎಂದು ಅವರು ಕೇಳಿದರು. ನಿನ್ನ ಅವ್ವ ಯೋಚಿಸಿ, ಸಂತೆಯಿಂದ ತಂದು ತಿನ್ನಿಸಿದ್ದ ಹಲಸಿನ ತೊಳೆಯ ಮಾತೆತ್ತಿದರು. ಅಂದು ಸಂಜೆ ಸಾಲಿನವರಿಗೆಲ್ಲ ನೀರು ಕಾಯಿಸಿ ಕುಡಿಯಿರಿ ಎಂದೆ. ಡಾಕ್ಟರು ಹೇಳಿದರೆಂದು ಹೇಳಿದೆ. ರಿಜಿಸ್ಟರಿನ ಸುದ್ದಿ ಎತ್ತಲಿಲ್ಲ.

ನೀನು ಬದುಕಿಕೊಂಡೆ, ಕಿವಿ ಹೋಯಿತು. "ನಾನೇ ತಿನ್ನಿಸ್ದೆ ಕಣವ್ವ, ನನ್ನ ಕೈಯಾರೆ," ಎಂದು ನಿನ್ನ ಅವ್ವ ಸಾಯುವವರೆಗೂ ನನ್ನ ಮುಂದೆ ಅಳುತ್ತಿದ್ದರು. ಸಮಾಧಾನ ಹೇಳುತ್ತಿದ್ದವಳು ನಾನೇ. ಏನೇನೋ ಹೇಳಿದೆ, ನಿಜವೊಂದನ್ನು ಬಿಟ್ಟು.

ಅವರು ಹೋಗಿ ಇಂದಿಗೆ ತಿಂಗಳಾಯಿತು. ಅವರಿಗೆ ಹೇಳುವ ಕಾಲವನ್ನು ನಾನು ಕಳೆದುಕೊಂಡೆ. ನಾನು ಆಡಿದರೆ ನಿನಗೆ ಕೇಳಿಸದು, ಅದಕ್ಕೇ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಸಂಜೆ ನಾನೇ ತಂದುಕೊಟ್ಟು, ನೀನು ಓದಿ ಮುಗಿಸುವವರೆಗೆ ಎದುರಿಗೇ ಕೂತಿರುತ್ತೇನೆ. ಅವ್ವನ ತಪ್ಪೇನೂ ಇರಲಿಲ್ಲವೆಂದು ನಿನ್ನ ಮಕ್ಕಳಿಗೂ ತಿಳಿಸು. ಆಮೇಲೆ ಎದ್ದು ಹೋಗು ಎಂದರೆ ಹೋಗುತ್ತೇನೆ.