ಕೊಟ್ಟಿಗೆಯಲ್ಲಿ ಹೇಳಬಾರದ ಹೆಸರು

ನನ್ನ ಬೀರುವಿನಲ್ಲಿ ಒಂದು ಉದ್ದ ನೋಟ್‌ಬುಕ್ ಇದೆ. ಅದರ ತುಂಬ ಪ್ರಾಣಿಗಳ ಮೈಗೆ ಸಂಬಂಧಪಟ್ಟ ಹೆಸರುಗಳು. ಎಡಗಡೆ ಜನ ಆಡುವ ಮಾತು, ಬಲಗಡೆ ಪಠ್ಯಪುಸ್ತಕದ ಪದ. ಬರೆಯುವಾಗ ಎಷ್ಟು ಹೆಮ್ಮೆ ಪಟ್ಟಿದ್ದೆನೋ ಈಗ ತೆರೆಯಲು ಅಷ್ಟೇ ಭಯ. ರೋಗಗಳ ಪುಟದಲ್ಲಿ ಒಂದು ಸಾಲಿನ ಎಡಗಡೆ ಖಾಲಿ ಉಳಿದಿದೆ. ಆ ಪದವನ್ನು ಪಕ್ಕದ ಮನೆಯ ಅಕ್ಕ ನನಗೆ ಕೊಡಲಿಲ್ಲ.

ಶುರುವಾದದ್ದು ನನ್ನ ಸಿಟ್ಟಿನಿಂದ. ನಾನು ವಿಜ್ಞಾನದ ಟೀಚರು. ಹುಟ್ಟಿದ್ದು ನಾಪೋಕ್ಲು ಕಡೆ, ಮನೆಯಲ್ಲಿ ಆಡುವುದು ಅರೆಭಾಷೆ. ವರ್ಗವಾಗಿ ಶಿರಂಗಾಲದ ಹತ್ತಿರದ ಹೈಸ್ಕೂಲಿಗೆ ಬಂದು ಅಲ್ಲೇ ಬಾಡಿಗೆ ಮನೆ ಮಾಡಿದ್ದೆ. ಒಂದು ದಿನ ತರಗತಿಯಲ್ಲಿ ಹಸುವಿನ ಚಿತ್ರ ತೂಗುಹಾಕಿ, ಕತ್ತಿನ ಕೆಳಗೆ ಜೋಲುವ ಚರ್ಮವನ್ನು ತೋರಿಸಿ ಇದಕ್ಕೇನನ್ನುತ್ತಾರೆ ಎಂದು ಕೇಳಿದೆ. ಒಬ್ಬ "ಸ್ಕಿನ್ ಮಿಸ್" ಅಂದ. ಇನ್ನೊಬ್ಬಳು ಮಲಯಾಳದಲ್ಲಿ ಏನೋ ಪಿಸುಗುಟ್ಟಿ ನಕ್ಕಳು. ದನ ಕಟ್ಟಿದ ಮನೆಯ ಮಕ್ಕಳೂ ಬಾಯಿ ಬಿಡಲಿಲ್ಲ. "ನಿಮ್ಮ ತಲೆಯೊಳಗೆ ಮಣ್ಣು ತುಂಬಿದೆಯಾ?" ಎಂದು ಕೂಗಾಡಿ ಮನೆಗೆ ಬಂದೆ. ಬಂದ ಮೇಲೆ ಹೊಳೆಯಿತು, ಆ ಪದ ನನಗೂ ಗೊತ್ತಿರಲಿಲ್ಲ.

ಬೇಲಿಯಾಚೆ ಅಕ್ಕ ಸಗಣಿ ಬಾಚುತ್ತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು. ಅವರ ಹಿರಿಯರು ಹಾಸನದ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತವರು. ಗಂಡ ಹೆಂಡತಿ ಇಬ್ಬರಿಗೂ ಜೋಳ, ಶುಂಠಿ, ಎರಡು ಹಸು ಇಷ್ಟೇ ಪ್ರಪಂಚ. ನನ್ನ ಮನೆಯೂ ಸೇರಿ ನಾಲ್ಕು ಮನೆಗೆ ಹಾಲು ಹಾಕುತ್ತಿದ್ದರು. ಕತ್ತಿನಡಿಯ ಆ ಚರ್ಮದ ಹೆಸರನ್ನು ಅವರನ್ನೇ ಕೇಳಿದೆ.

"ಅದಾ? ಗಂಗೆದೊಗಲು" ಅಂದರು, ಬಾಚುವುದನ್ನು ನಿಲ್ಲಿಸದೆ. "ಟೀಚ್ರು ಅಂತೀರಿ, ಅಷ್ಟೂ ಗೊತ್ತಿಲ್ವಾ?"

ಅವತ್ತಿನಿಂದ ಅವರ ಬೆನ್ನು ಹತ್ತಿದೆ. ಹಾಲು ತರಲು ಹೋದಾಗಲೆಲ್ಲ ನೋಟ್‌ಬುಕ್ ಕಂಕುಳಲ್ಲಿ. ಬೆನ್ನ ಮೇಲಿನ ಹಿಣಿಲು, ಕೆಚ್ಚಲು, ಗೊರಸು, ದವಡೆ, ಒಸಡು. ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದರು: ಇದು ಎರಡು ಹಲ್ಲಿಂದು, ಅದು ನಾಲ್ಕು, ಈ ಕೆಂದ ಹಸು ಹಲ್ಲೆಲ್ಲ ಬಂದು ಬಾಯಿಗೂಡಿದ್ದು. ಕರು ಹಾಕಿದ ಮೇಲೆ ಬೀಳುವ ಮಾಸನ್ನು ನಾಯಿ ಎಳೆಯದಂತೆ ಎಲ್ಲಿ ಹೂಳಬೇಕೆಂದೂ ತೋರಿಸಿದರು. ನಾನು 'ಲಾಲಾಗ್ರಂಥಿಯ ಸ್ರಾವ' ಎಂದು ಓದಿ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಜೊಲ್ಲು ಅನ್ನಕೆ ಅಷ್ಟುದ್ದನಾ? ಅದನ್ನ ಹೇಳೋ ಹೊತ್ಗೆ ಇಲ್ಲಿ ಸುರಿದೇ ಹೋಯ್ತದೆ."

ಆದರೆ ಅವರಿಗೊಂದು ಕಟ್ಟುನಿಟ್ಟಿತ್ತು. ಕೊಟ್ಟಿಗೆಯೊಳಗೆ ಕೆಟ್ಟದ್ದರ ಹೆಸರೆತ್ತುವಂತಿಲ್ಲ. ಹಾವಿಗೆ ಹುಳ ಎಂದೇ ಹೇಳಬೇಕು. ಆನೆ ಬಂದು ಜೋಳ ತುಳಿದು ಹೋದರೆ 'ಸ್ವಾಮೋರು ಬಂದಿದ್ರು'. ರೋಗಗಳ ಹೆಸರು ಕೇಳಿದಾಗ ನನ್ನ ರಟ್ಟೆ ಹಿಡಿದು ರಸ್ತೆ ಪಕ್ಕದ ಹಲಸಿನ ಮರದಡಿಗೆ ಎಳೆದುಕೊಂಡು ಹೋದರು. ಅಲ್ಲಿ ನಿಂತು, ದನಿ ತಗ್ಗಿಸಿ, ಕಾಲುಬಾಯಿ ಜ್ವರ, ಗಳಲೆ, ಕೆಚ್ಚಲು ಬಾವು ಎಂದು ಒಂದೊಂದಾಗಿ ಬಿಟ್ಟುಕೊಟ್ಟರು.

"ನಾಯಿಗೆ ಹುಚ್ಚು ಹಿಡಿದು ದನಕ್ಕೆ ಕಚ್ಚಿದರೆ ಬರುತ್ತಲ್ಲ, ಅದಕ್ಕೇನಂತೀರಿ ಅಕ್ಕ?"

ಅವರು ಸೆರಗಿನಲ್ಲಿ ಕೈ ಒರೆಸಿಕೊಂಡರು. "ಅದನ್ನ ಎಲ್ಲೂ ಅನ್ಬಾರ್ದು. ಹೆಸರು ಹೇಳಿದ್ರೆ ಕರೆದಂಗೆ."

"ಅಯ್ಯೋ, ರೋಗಕ್ಕೆ ಕಿವಿ ಇರುತ್ತಾ?"

"ನಿಮ್ಗೆ ಎಲ್ಲಾ ತಮಾಷೆ" ಎಂದು ಹೊರಟೇಹೋದರು. ನಾನು ಬಲಗಡೆ 'ಜಲಭೀತಿ, ರೇಬೀಸ್' ಎಂದು ಬರೆದು ಎಡಗಡೆ ಜಾಗ ಬಿಟ್ಟೆ. ಇನ್ನೊಂದು ದಿನ ಕೆದಕಿ ಹೇಳಿಸಿದರಾಯಿತು ಅಂದುಕೊಂಡೆ.

ಅದಾಗಿ ಕೆಲವು ದಿನಕ್ಕೆ ಶಾಲೆಯಿಂದ ಬರುವಾಗ ಹೊಳೆಯ ದಂಡೆಯಲ್ಲಿ ಒಂದು ಕಪ್ಪು ನಾಯಿ ಸತ್ತು ಬಿದ್ದಿದ್ದು ಕಂಡಿತು. ಬಾಯಿ ತೆರೆದಿತ್ತು, ಮೂತಿಯ ಸುತ್ತ ಒಣಗಿದ ನೊರೆ, ಹಲ್ಲಿನ ಮಧ್ಯೆ ಮಣ್ಣು. ಸ್ಕೂಟರ್ ನಿಲ್ಲಿಸಲಿಲ್ಲ. ಆ ಸಂಜೆ ಹಾಲಿಗೆ ಹೋದರೆ ಅಕ್ಕ ಕೆಂದ ಹಸುವಿನ ಮೂತಿಗೆ ಅರಿಸಿನ ಮೆತ್ತುತ್ತಿದ್ದರು. ಏನಾಯಿತೆಂದು ಕೇಳಿದೆ.

"ಬೇಲಿ ಮುಳ್ತಂತಿ ತಾಕ್ತು" ಅಂದರು.

ಅವರ ಮಣಿಕಟ್ಟಿನಲ್ಲಿ ಹೊಸ ಅರಿಸಿನದ ದಾರವಿತ್ತು. ಹಸುವಿನ ಕೊಂಬಿಗೂ ಅಂಥದ್ದೇ ಒಂದು. ಯಾವ ಹರಕೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ನಾಯಿಯನ್ನೂ ಅರಿಸಿನವನ್ನೂ ದಾರವನ್ನೂ ಒಂದೇ ಸಂಜೆ ನೋಡಿದ್ದೇನೆ. ಪ್ರತಿ ವರ್ಷ ಬೋರ್ಡಿನ ಮೇಲೆ ಆ ರೋಗದ ಲಕ್ಷಣ ಬರೆದು, ಉರು ಹೊಡೆಸಿ, ಪರೀಕ್ಷೆಗೆ ಕೇಳುವವಳು ನಾನು. ನನಗೇನೂ ಹೊಳೆಯಲಿಲ್ಲ, ನನ್ನ ಓದಿಗಿಷ್ಟು ಬೆಂಕಿ ಹಾಕ!

ಸುಮಾರು ಒಂದು ತಿಂಗಳ ನಂತರ ಒಂದು ಭಾನುವಾರ ಬೆಳಿಗ್ಗೆ ಆ ಹಸು ಕೂಗಿತು. ಅದು ಹಸುವಿನ ಕೂಗಾಗಿರಲಿಲ್ಲ. ಒಡಕಲಾಗಿ, ಗಂಟಲಿನ ತಳದಿಂದ ಬರುತ್ತಿತ್ತು, ನಿಂತು ನಿಂತು ಮತ್ತೆ ಬರುತ್ತಿತ್ತು. ನಾನು ಬೇಲಿ ದಾಟಿ ಓಡಿದೆ. ಅಕ್ಕನ ಗಂಡ ಶುಂಠಿ ಹೊಲಕ್ಕೆ ಹೋಗಿಯಾಗಿತ್ತು. ಹಸು ಹುಲ್ಲು ಮುಟ್ಟಿರಲಿಲ್ಲ, ಬಾನಿಯ ನೀರು ಹಾಗೇ ಇತ್ತು. ಬಾಯಿಂದ ಜೊಲ್ಲು ದಾರದಂತೆ ಇಳಿದು ನೆಲ ಮುಟ್ಟಿತ್ತು. ಅಕ್ಕ ಗೋಡೆಗೆ ಒರಗಿ ನಿಂತಿದ್ದರು.

"ಗಂಟಲಲ್ಲಿ ಏನೋ ಸಿಕ್ಕಿದೆ ಅಕ್ಕ. ನಿನ್ನೆ ಗೆಣಸು ಹಾಕಿದ್ರಲ್ಲ, ಅದೇ ಇರಬೇಕು. ತೆಗೆಯೋಣ."

"ಬ್ಯಾಡಿ ಟೀಚ್ರೇ. ದನದ ಡಾಕ್ಟ್ರಿಗೆ ಫೋನ್ ಮಾಡೈತೆ, ಬರ್ಲಿ."

"ಅವರು ಬರೋ ಹೊತ್ತಿಗೆ ಉಸಿರು ಕಟ್ಟಿ ಸಾಯುತ್ತೆ. ಕೈ ಹಾಕಿ ನೋಡಿ, ನಾನು ಲೈಟ್ ಹಿಡೀತೀನಿ. ಇಷ್ಟು ವರ್ಷ ದನ ಸಾಕಿ ಹೆದರ್ತೀರಲ್ಲ, ನಾಚ್ಕೆ ಆಗಲ್ವಾ?"

ಹೌದು, ಹಾಗೇ ಅಂದೆ. ಅವರು ನನ್ನನ್ನೊಮ್ಮೆ ನೋಡಿದರು. ಏನೋ ಹೇಳಲು ಬಾಯಿ ತೆರೆದು ಸುಮ್ಮನಾದರು. ನಾವಿಬ್ಬರೂ ನಿಂತಿದ್ದದ್ದು ಕೊಟ್ಟಿಗೆಯೊಳಗೆ. ಆಮೇಲೆ ಬಳೆ ಮೇಲೇರಿಸಿ, ಹಸುವಿನ ನಾಲಿಗೆ ಪಕ್ಕಕ್ಕೆಳೆದು, ಮೊಣಕೈವರೆಗೆ ಕೈ ಹಾಕಿದರು. ನಾನು ಒಂದು ಕೈಯಲ್ಲಿ ದವಡೆ ಒತ್ತಿಹಿಡಿದು ಇನ್ನೊಂದರಲ್ಲಿ ಮೊಬೈಲಿನ ಬೆಳಕು ಬಿಟ್ಟೆ. ಒಳಗೆ ಮೇಲ್ಭಾಗದಲ್ಲಿ ಸಾಲು ಸಾಲಾಗಿ ಏಣುಗಳು ಕಂಡವು. "ಅಕ್ಕ, ಅದಕ್ಕೇನಂತೀರಿ, ಆ ಏಣು ಏಣಾಗಿದೆಯಲ್ಲ?" ಎಂದು ಕೇಳಿದೆ. ಆ ಹೊತ್ತಿನಲ್ಲೂ ನನಗೆ ಪದ ಬೇಕಿತ್ತು.

ಗಂಟಲಲ್ಲಿ ಏನೂ ಇರಲಿಲ್ಲ. ಅಕ್ಕ ಕೈ ಹೊರಗೆಳೆಯುವಾಗ ಹಸು ತಲೆ ಕೊಡವಿತು. ದವಡೆ ಹಲ್ಲು ತಾಗಿ ಅವರ ಬೆರಳಿನ ಗಂಟುಗಳ ಮೇಲೆ ಚರ್ಮ ಸುಲಿಯಿತು. ಅವರು ಬಾನಿಯ ನೀರಲ್ಲೇ ಕೈ ಅದ್ದಿ ತೊಳೆದರು.

ಪಶುವೈದ್ಯರು ಬಂದದ್ದು ಮಧ್ಯಾಹ್ನ. ಬಾಗಿಲಲ್ಲೇ ನಿಂತರು, ಒಳಗೆ ಕಾಲಿಡಲಿಲ್ಲ. ಹಸುವಿನ ಕೂಗನ್ನು ಎರಡು ಸಲ ಕೇಳಿಸಿಕೊಂಡು, "ಯಾರಾದ್ರೂ ಬಾಯಿಗೆ ಕೈ ಹಾಕಿದ್ರಾ?" ಅಂದರು.

"ಅಕ್ಕ ಹಾಕಿದರು. ನಾನು ದವಡೆ ಹಿಡಿದಿದ್ದೆ" ಅಂದೆ.

"ನಾಯಿ ಕಚ್ಚಿತ್ತಾ ಇದಕ್ಕೆ?"

"ಇಲ್ಲ ಸ್ವಾಮಿ" ಅಂದರು ಅಕ್ಕ. ಕೇಳಿ ಮುಗಿಯುವ ಮೊದಲೇ ಬಂದ ಉತ್ತರ ಅದು.

ವೈದ್ಯರು ನಮ್ಮನ್ನು ಹಲಸಿನ ಮರದಡಿಗೆ ಕರೆದು ಹೇಳಿದರು. ಇದು ರೇಬೀಸ್ ಇರುವ ಹಾಗಿದೆ. ಹಸು ಉಳಿಯುವುದಿಲ್ಲ. ಕಾಯಿಸಿ ಕುಡಿದ ಹಾಲಿಗೆ ಹೆದರಬೇಡಿ, ಆದರೆ ಕೈ ಹಾಕಿದವರು ಈಗಲೇ ಸೋಪು ಹಾಕಿ ತೊಳೆದು ಇವತ್ತೇ ಆಸ್ಪತ್ರೆಗೆ ಹೋಗಬೇಕು. ಸೂಜಿಗಳನ್ನು ಒಂದೂ ತಪ್ಪಿಸದೆ ಹಾಕಿಸಿಕೊಳ್ಳಬೇಕು. ರೋಗ ಶುರುವಾದ ಮೇಲೆ ಔಷಧವಿಲ್ಲ. ಅಕ್ಕ ಮರದ ಬುಡದ ಇರುವೆ ಸಾಲನ್ನು ನೋಡುತ್ತ ನಿಂತಿದ್ದರು.

ಸ್ಕೂಟರ್ ಹತ್ತಿ ಎಂದು ಗೋಗರೆದೆ. ಬರಲಿಲ್ಲ. ಹಸುವನ್ನು ಈ ಸ್ಥಿತಿಯಲ್ಲಿ ಬಿಟ್ಟು ಬರಲಾರೆ, ಕರುವನ್ನು ಬೇರೆ ಕಟ್ಟಬೇಕು, ನಾಳೆ ಬೆಳಿಗ್ಗೆ ಬಸ್ಸಿಗೆ ಖಂಡಿತ ಹೋಗುತ್ತೇನೆ ಅಂದರು. ನಾನೊಬ್ಬಳೇ ಹೋಗಿ ಮೊದಲ ಸೂಜಿ ಹಾಕಿಸಿಕೊಂಡು ಬಂದೆ. ಮಾರನೆಯ ದಿನ ಶಾಲೆಯಿಂದ ಬಂದಾಗ ಅಕ್ಕ ಜಗಲಿಯಲ್ಲಿ ಕೂತಿದ್ದರು. ತೋಳಿನ ಮೇಲೆ ಹತ್ತಿ, ಅದರ ಮೇಲೆ ಪ್ಲಾಸ್ಟರು.

"ಹಾಕುಸ್ಕಂಡೆ, ನೋಡಿ. ಇನ್ನಾದ್ರೂ ತಲೆ ತಿನ್ಬೇಡಿ."

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮೂರನೇ ದಿನ ಹಸು ಸತ್ತಿತು. ಆಳಕ್ಕೆ ಗುಂಡಿ ತೋಡಿ, ಸುಣ್ಣ ಹಾಕಿ ಹೂತರು. ನನ್ನ ಎರಡನೇ ಸೂಜಿಯ ದಿನ ಅಕ್ಕನನ್ನು ಕೇಳಿದೆ. "ಹೋಗ್ಬಂದೆ" ಅಂದರು. ಮೂರನೆಯದಕ್ಕೆ ಕೇಳಿದಾಗ ತಂಗಿಯ ಊರಿನ ಆಸ್ಪತ್ರೆಯಲ್ಲೇ ಹಾಕಿಸಿಕೊಂಡೆ ಅಂದರು. ಆಮೇಲೆ ಉತ್ತರಪತ್ರಿಕೆಗಳ ರಾಶಿ ಬಂತು. ನಾನು ಕೇಳುವುದನ್ನು ಬಿಟ್ಟೆ. ಮಕ್ಕಳು ಹೋಂವರ್ಕ್ ಮಾಡಿದ್ದೇವೆ ಎಂದರೆ ಪುಸ್ತಕ ತೆಗೆಸಿ ನೋಡದೆ ಬಿಡುವವಳಲ್ಲ ನಾನು. ಆಸ್ಪತ್ರೆಯ ಚೀಟಿ ತೋರಿಸಿ ಎಂದು ಅಕ್ಕನನ್ನು ಒಂದು ದಿನವೂ ಕೇಳಲಿಲ್ಲ.

ನನ್ನ ಕೊನೆಯ ಸೂಜಿ ಮುಗಿದು ಎರಡು ವಾರವಾಗಿರಬೇಕು. ರಜೆಯ ದಿನ, ಬೆಳಗಿನ ತಿಂಡಿಯ ಹೊತ್ತು. ಅಕ್ಕ ತಾವಾಗಿ ನನ್ನ ಅಡುಗೆಮನೆಗೆ ಬಂದು ಮಣೆಯ ಮೇಲೆ ಕೂತರು. ಬಲಗೈಯನ್ನು ಎಡಗೈಯಿಂದ ತಿಕ್ಕುತ್ತಿದ್ದರು. ಸುಲಿದ ಗಾಯ ಎಂದೋ ಮಾಗಿತ್ತು.

"ಎರಡು ದಿನದಿಂದ ಈ ಕೈ ಜುಂ ಅಂತದೆ ಟೀಚ್ರೇ. ನಿದ್ದೇನೂ ಇಲ್ಲ." ಆಮೇಲೆ ತಲೆಯೆತ್ತಿ, "ಆ ಫ್ಯಾನ್ ನಿಲ್ಸಿ. ಗಾಳಿ ತಡ್ಯಕಾಯ್ತಿಲ್ಲ" ಅಂದರು.

ಬೆವರು ಕಿತ್ತು ಬರುವ ಸೆಕೆ ಅದು. ನಾನು ಫ್ಯಾನ್ ನಿಲ್ಲಿಸಿದೆ.

"ಗಂಟಲಲ್ಲಿ ಏನೋ ಸಿಕ್ಕಾಕ್ಕಂಡಂಗೈತೆ. ನಿಮ್ಮ ಮೊಬೈಲ್ ಲೈಟ್ ಬಿಟ್ಟು ಒಂಚೂರು ನೋಡ್ತೀರಾ?"

ಸೌಟು ಕೆಳಗಿಟ್ಟೆ. "ಅಕ್ಕ, ಆಸ್ಪತ್ರೆ ಚೀಟಿ ಎಲ್ಲಿದೆ?"

ಅವರು ಸೊಂಟದ ಚೀಲ ಬಿಚ್ಚಿ, ಎಲೆ ಅಡಿಕೆಯ ನಡುವಿನಿಂದ ಮಡಚಿದ ಕಾಗದ ತೆಗೆದುಕೊಟ್ಟರು. ಒಂದೇ ಚೀಟಿ. ಒಂದೇ ತಾರೀಕು. 'ಮುಳ್ಳುತಂತಿ ಗಾಯ' ಎಂದು ಬರೆದು, ಕೆಳಗೆ ಟಿಟಿ ಇಂಜೆಕ್ಷನ್ ಎಂದಿತ್ತು. ಕಬ್ಬಿಣ ತಾಗಿದಾಗ ಯಾರಿಗಾದರೂ ಹಾಕುವ ಸೂಜಿ ಅದು. ಹುಚ್ಚುನಾಯಿಯ ರೋಗಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

"ಇದೇನಿದು? ಡಾಕ್ಟ್ರು ಅಷ್ಟು ಬಿಡಿಸಿ ಹೇಳಿದ್ರಲ್ಲ!" ನಾನು ಕಿರುಚಿದೆ.

"ನರ್ಸಮ್ಮ ಏನಾಯ್ತು ಅಂದ್ರು. ಸುತ್ತ ನಮ್ಮೂರೋರೇ ಕುಂತಿದ್ರು. ಹೆಂಗೆ ಅನ್ನದು ಅದನ್ನ? ಕಪ್ ನಾಯಿ ಬಂದು ಮೂತಿಗೆ ಬಾಯಾಕ್ದಾಗ ನೋಡ್ದೋಳು ನಾನೊಬ್ಳೇ. ಹೇಳಿದ್ರೆ ಕರೆದಂಗೆ ಅಂತ ನಮ್ಮೆಜಮಾನ್ರಿಗೂ ಹೇಳ್ಲಿಲ್ಲ. ಗೊತ್ತಿದ್ದೂ ನಾಲ್ಕು ಮನೆಗೆ ಹಾಲು ಹಾಕಿದ್ಲು ಅನ್ನಲ್ವಾ ಜನ? ಅದ್ಕೇ ಮುಳ್ತಂತಿ ಅಂದೆ. ಸೂಜಿ ಸೂಜೀನೇ ಅಲ್ವಾ ಟೀಚ್ರೇ? ಯಾವ್ದಾದ್ರೇನು?"

ಗೊತ್ತಿದ್ದೂ ಏಕೆ ಕೈ ಹಾಕಿದಿರಿ ಎಂದು ಕೇಳಿದೆ. ಕೇಳಬಾರದಿತ್ತು.

"ಹಾಕು ಅಂದ್ರಲ್ಲ ನೀವು. ಓದ್ದೋರು. ನೀವೇ ಗೆಣಸು ಅಂದ್ಮೇಲೆ, ಗೆಣಸೇ ಇದ್ರೂ ಇರ್ಬೋದು ಅನ್ಕಂಡೆ."

ಬೋರ್ಡಿನ ಮೇಲೆ ಪ್ರತಿ ವರ್ಷ ಬರೆಯುವ ಸಾಲುಗಳು ಒಂದರ ಹಿಂದೊಂದು ಕಣ್ಣ ಮುಂದೆ ಬಂದವು. ಗಾಯದ ಜಾಗದಲ್ಲಿ ಜುಮುಜುಮು. ನಿದ್ರೆಯಿಲ್ಲದಿರುವುದು. ಗಾಳಿಯ ಭಯ. ಇನ್ನೊಂದು ಉಳಿದಿತ್ತು. ದೇವರೇ, ಅದೊಂದು ಸುಳ್ಳಾಗಲಿ ಎಂದು ಬೇಡಿಕೊಳ್ಳುತ್ತ ಕೊಡದಿಂದ ಒಂದು ಲೋಟ ನೀರು ಬಗ್ಗಿಸಿದೆ. ಲೋಟವನ್ನು ಅವರ ಮುಂದಿಟ್ಟೆ.

"ಆಂಬುಲೆನ್ಸಿಗೆ ಫೋನ್ ಮಾಡ್ತೀನಿ ಅಕ್ಕ. ಅಷ್ಟರಲ್ಲಿ ಒಂದು ಗುಟುಕು ಕುಡೀರಿ."

ಅವರು ಲೋಟ ಎತ್ತಿದರು. ಬಾಯಿಯ ಹತ್ತಿರ ತಂದರು. ಕತ್ತಿನ ನರಗಳು ಬಿಗಿದು ಎದ್ದವು, ದವಡೆ ಕಚ್ಚಿಕೊಂಡಿತು, ತುಟಿಯ ಅಂಚಿನಿಂದ ಜೊಲ್ಲು ಇಳಿಯಿತು. ಅವರೇ ಬೆಚ್ಚಿಬಿದ್ದು ಲೋಟವನ್ನು ನೆಲಕ್ಕಿಟ್ಟರು. ಸೆರಗಿನಿಂದ ಬಾಯಿ ಒರೆಸಿಕೊಂಡು, ನಾನು ಹೆದರದಿರಲಿ ಎಂಬಂತೆ ನಗಲು ನೋಡಿದರು.

"ಆಮ್ಯಾಕೆ ಕುಡೀತೀನಿ ಬುಡಿ ಟೀಚ್ರೇ" ಅಂದರು.